ಸೊನ್ನೆಮಾವನ ಎರಡು ಗೆರೆ

ಅಕ್ಕ ಬಚ್ಚಲಮನೆಯಿಂದ ಹೊರಗೆ ಬಂದು, ಒಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿದ್ದ ಬಿಳಿ ಪಟ್ಟಿಯನ್ನು ತಮ್ಮನ ಮೂಗಿನ ಕೆಳಗೆ ಹಿಡಿದಳು. ಅವನು ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಹುಬ್ಬು ಗಂಟಿಕ್ಕಿ ನೋಡಿ, "ಎರಡು ಗೆರೆ ಬಂದಿದೆಯಲ್ಲೇ. ಇನ್ನೊಂದ್ಸಲ ತೊಳೀಬೇಕು" ಅಂದ.

ತಾನು ಸೋದರಮಾವನಾಗಲಿರುವ ಸುದ್ದಿಯನ್ನು ಅವನು ಬರಮಾಡಿಕೊಂಡದ್ದು ಹೀಗೆ. ಆ ಮನೆಯಲ್ಲಿ ಈ ಮಾತಿಗೆ ಸಿಕ್ಕ ಕೀರ್ತಿ ಬೇರೆ ಯಾವ ಮಾತಿಗೂ ಸಿಕ್ಕಿಲ್ಲ. ಬಂದವರಿಗೆಲ್ಲ ಅಮ್ಮ ಮೊದಲು ಕಾಫಿ ಕೊಡುತ್ತಿದ್ದಳು, ಆಮೇಲೆ ಇದನ್ನು ಹೇಳುತ್ತಿದ್ದಳು. ಕೆಲವರಿಗೆ ಕಾಫಿ ಮರೆತಿದ್ದುಂಟು, ಇದನ್ನು ಮರೆತದ್ದಿಲ್ಲ.

ತಪ್ಪು ಪೂರ್ತಿ ಅವನದೂ ಅಲ್ಲ. ಅವನ ಹೊಟ್ಟೆಪಾಡೇ ಅಂಥ ಪಟ್ಟಿಗಳ ಮೇಲೆ ನಿಂತಿತ್ತು. ರೈಲುಹಳಿಯ ಆಚೆಗಿನ ಬಿಸ್ಕತ್ತು ಕಾರ್ಖಾನೆಯಲ್ಲಿ ಅವನು ತೊಳೆಯುವವನು. ಬೆಳಿಗ್ಗೆ ಕಡಲೆಕಾಯಿ ಬಿಸ್ಕತ್ತು ಓಡಿದ ಯಂತ್ರದಲ್ಲೇ ಮಧ್ಯಾಹ್ನ ಸಾದಾ ಬಿಸ್ಕತ್ತು ಓಡಬೇಕು. ಸಾದಾ ಬಿಸ್ಕತ್ತನ್ನು ಕಡಲೆಕಾಯಿ ಒಗ್ಗದ ಮಕ್ಕಳೂ ತಿನ್ನುತ್ತಾರೆ. ಅಂಥ ಮಗುವಿನ ಹೊಟ್ಟೆಗೆ ಒಂದು ಚಿಟಿಕೆ ಪುಡಿ ಹೋದರೂ ಮೈಯೆಲ್ಲ ದದ್ದೆದ್ದು, ಗಂಟಲು ಬಿಗಿದು, ಜೀವಕ್ಕೇ ಕುತ್ತು ಬಂದೀತು. ಹಾಗಾಗಿ ನಡುವಿನ ಬಿಡುವಿನಲ್ಲಿ ಅವನು ಯಂತ್ರದ ಹೊಟ್ಟೆಯೊಳಗೆ ಅರ್ಧ ದೇಹ ತೂರಿಸಿ ಬೆಲ್ಟು, ಅಚ್ಚು, ಹಲ್ಲುಚಕ್ರ, ತಿರುಪು, ತಿರುಪಿನ ತಲೆಯ ಸೀಳು ಎಲ್ಲವನ್ನೂ ಉಜ್ಜಬೇಕು. ಆಮೇಲೆ ಹತ್ತಿಕಡ್ಡಿಯಿಂದ ಅಲ್ಲಲ್ಲಿ ಒರೆಸಿ, ಅದನ್ನು ಸೀಸೆಯ ನೀರಿನಲ್ಲಿ ಅಲ್ಲಾಡಿಸಿ, ಪಟ್ಟಿಯ ಮೇಲೆ ಹನಿ ಬಿಡಬೇಕು. ಒಂದು ಗೆರೆ ಮೂಡಿದರೆ ಯಂತ್ರ ಶುದ್ಧ. ಎರಡು ಮೂಡಿದರೆ ಎಲ್ಲೋ ಕಡಲೆಕಾಯಿ ಅಡಗಿ ಕೂತಿದೆ ಅಂತ ಅರ್ಥ, ಮತ್ತೆ ಮೊದಲಿಂದ.

ಪಟ್ಟಿ ನೋಡುವ ಹೊತ್ತಿಗೆ ಮೆಟ್ಟಿಲ ಮೇಲಿನಿಂದ ಸೂಪರ್‌ವೈಸರು ಕೂಗುತ್ತಿದ್ದ, "ಏನೋ ಬಂತು?" ದಪ್ಪ ಕನ್ನಡಕದ ಆ ಸೂಪರ್‌ವೈಸರಿಗೆ ಎಲ್ಲರೂ ದುರ್ಬೀನು ಅನ್ನುತ್ತಿದ್ದರು, ಬೆನ್ನ ಹಿಂದೆ. ಇವನು ಕೆಳಗಿನಿಂದ ಎದೆಯುಬ್ಬಿಸಿ ಕೂಗುತ್ತಿದ್ದ, "ಸೊನ್ನೆ ಸಾರ್." ದಿನವೂ ಇದೇ ಸಂಭಾಷಣೆ ನಡೆದು ನಡೆದು ಅವನ ಹೆಸರೇ ಸೊನ್ನೆ ಆಯಿತು. ಅವನಿಗೆ ಅದರಲ್ಲಿ ಬೇಸರವಿರಲಿಲ್ಲ. ಶಾಲೆಯಲ್ಲಿ ಸೊನ್ನೆ ತಂದಾಗ ಬೆನ್ನಿಗೆ ಬೀಳುತ್ತಿತ್ತು, ಇಲ್ಲಿ ಸೊನ್ನೆ ತಂದರೆ ಕೈಗೆ ಸಂಬಳ ಬೀಳುತ್ತಿತ್ತು. ಇಷ್ಟು ಸುಲಭವಾಗಿ ಮನುಷ್ಯ ಮುಂದೆ ಬರಬಹುದು ಅಂತ ಮೊದಲೇ ಯಾರಾದರೂ ಹೇಳಿದ್ದರೆ ಗಣಿತಕ್ಕೆ ಅಷ್ಟು ಹೆದರುತ್ತಿರಲಿಲ್ಲ ಅಂತ ಅವನೇ ಹೇಳಿಕೊಂಡು ನಗುತ್ತಿದ್ದ.

ಆ ಎರಡು ಗೆರೆಗಳು ಸಕಾಲಕ್ಕೆ ಹೆಣ್ಣುಮಗುವಾಗಿ ಹುಟ್ಟಿದವು. ಹುಟ್ಟಿದ ಕೂಸು ಅಳುವ ಮೊದಲು ಸುತ್ತ ನಿಂತವರನ್ನೆಲ್ಲ ಒಂದು ಸುತ್ತು ಗದರುವಂತೆ ನೋಡಿತಂತೆ. ಕಾರ್ಖಾನೆಗೆ ತಪಾಸಣೆಗೆ ಬರುವ ಅಧಿಕಾರಿಯ ನೋಟ ಅದೇ ಥರ ಇರುತ್ತದೆ ಅಂತ ಸೊನ್ನೆ ಹೇಳಿದ್ದೇ ತಡ, ಮಗು ಇನ್ಸ್‌ಪೆಕ್ಟ್ರಮ್ಮ ಆಗಿಬಿಟ್ಟಿತು.

ಮೂರನೇ ಮಹಡಿಯ ಆ ಮನೆಯಲ್ಲಿ ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕಿದರೆ ಮನುಷ್ಯ ಹಿಡಿಸದ ಒಂದು ಬಾಲ್ಕನಿ. ಒಂದು ಕೋಣೆಯಲ್ಲಿ ಅಕ್ಕ, ಭಾವ, ಇನ್ಸ್‌ಪೆಕ್ಟ್ರಮ್ಮ. ಇನ್ನೊಂದರಲ್ಲಿ ಅಮ್ಮ. ಸೊನ್ನೆಗೆ ಬಾಗಿಲ ಪಕ್ಕದ ಬೆಂಚು; ಹಗಲು ಅದು ಕೂರುವುದಕ್ಕೆ, ರಾತ್ರಿ ಮಲಗುವುದಕ್ಕೆ. ಭಾವ ಗೋಡೆಗೆ ಗಿಲಾವು ಮಾಡುವವನು. ಮಾತು ಕಡಿಮೆ, ಆಡಿದ ಮಾತೂ ಸಿಮೆಂಟಿನಂತೆ ಬಿದ್ದಲ್ಲೇ ಗಟ್ಟಿಯಾಗುತ್ತಿತ್ತು. ಸಂಜೆ ಪಾಳಿ ಮುಗಿಸಿ ಸೊನ್ನೆ ಬಾಗಿಲು ತಳ್ಳುವ ಸದ್ದಿಗೇ ಮಗು ಕಾಲು ಬಡಿಯುತ್ತಿತ್ತು. ಅವನು ಚಪ್ಪಲಿ ಬಿಡುವುದಕ್ಕೂ ಮೊದಲೇ ಅದನ್ನು ಎತ್ತಿ ಎದೆಗೆ ಒರಗಿಸಿಕೊಳ್ಳುತ್ತಿದ್ದ. ಅವನ ಅಂಗಿಗೆ ಹುರಿದ ಕಡಲೆಕಾಯಿಯ ಘಮ. ಮಗು ಆ ಅಂಗಿಗೆ ಮೂಗು ಒತ್ತಿ, ಇನ್ನಾರ ಹತ್ತಿರವೂ ಬಿಡದ ಒಂದು ನಿಟ್ಟುಸಿರು ಬಿಡುತ್ತಿತ್ತು. ದಿನದ ತೊಳೆತವೆಲ್ಲ ಆ ನಿಟ್ಟುಸಿರಿಗೇ ಮಾಡಿದ್ದು ಅನ್ನಿಸುತ್ತಿತ್ತು ಅವನಿಗೆ.

ಮಗುವಿನ ಚರ್ಮ ಮಾತ್ರ ಮೊದಲಿನಿಂದಲೂ ಒಣ. ಕೆನ್ನೆ ಕೆಂಪಗೆ ಒರಟಾಗಿ, ಮೊಣಕೈ ಮಡಿಕೆಯಲ್ಲಿ ಸಣ್ಣಗೆ ಬಿರಿದು, ಕೆರೆದೂ ಕೆರೆದೂ ಗೀರು. "ಗಾಳಿಗೆ ಒಡೆದಿದೆ, ಹೋಗುತ್ತೆ ಬಿಡು" ಅನ್ನುತ್ತಿದ್ದಳು ಅಮ್ಮ. ಹೋಗಲಿಲ್ಲ. ಒರಗಿಸಿದರೆ ಕೂರುವಷ್ಟಾದ ಮೇಲೆ ಅಕ್ಕ ಒಂದೊಂದೇ ಊಟ ಶುರು ಮಾಡಿದಳು. ಬಾಳೆಹಣ್ಣು ಸೈ, ಆಲೂಗಡ್ಡೆ ಸೈ. ಬೇಯಿಸಿ ಹಿಸುಕಿದ ಮೊಟ್ಟೆ ಎರಡು ತುತ್ತು ಹೋಗಿತ್ತು. ನೋಡನೋಡುತ್ತಿದ್ದಂತೆ ತುಟಿಯ ಸುತ್ತ ಸೊಳ್ಳೆ ಹಿಂಡು ಕಚ್ಚಿದ ಹಾಗೆ ದದ್ದು ಎದ್ದಿತು, ಮಗು ತಿಂದದ್ದನ್ನೆಲ್ಲ ಕಕ್ಕಿತು. ಬೀದಿ ತುದಿಯ ಕ್ಲಿನಿಕ್ಕಿಗೆ ಓಡಿದರು. ಅಲ್ಲಿಯ ವೈದ್ಯ ಔಷಧಿ ಕುಡಿಸಿ, ದದ್ದು ಇಳಿಯುವವರೆಗೂ ಕೂರಿಸಿಕೊಂಡು, ಕೊನೆಗೆ ಹೇಳಿದ: "ಮೊಟ್ಟೆ ಈಗ ಬೇಡ. ಚರ್ಮ ಇಷ್ಟು ಒಡೆದಿರೋ ಮಕ್ಕಳಿಗೆ ಕಡಲೆಕಾಯೀನೂ ಒಗ್ಗದೇ ಹೋಗೋ ಸಾಧ್ಯತೆ ಜಾಸ್ತಿ. ದೊಡ್ಡಾಸ್ಪತ್ರೇಲಿ ಅಲರ್ಜಿ ಡಾಕ್ಟರಮ್ಮ ಇದಾರೆ, ಬೇಗ ತೋರಿಸಿ. ತಡ ಮಾಡಿದ್ರೆ..."

ವಾಕ್ಯ ಇನ್ನೂ ಉದ್ದವಿತ್ತು. ಸೊನ್ನೆಗೆ ಕೇಳಿಸಿದ್ದು ಕಡಲೆಕಾಯಿ ಅನ್ನುವವರೆಗೆ ಮಾತ್ರ. ಆಮೇಲೆ ಅವನ ಕಿವಿಯಲ್ಲಿ ಯಂತ್ರ ನಿಂತ ಸದ್ದು ಕೇಳಿಸಿತು, ತೊಳೆಯುವ ಹೊತ್ತಾಯಿತು ಅಂತ.

ಡಾಕ್ಟರಮ್ಮನ ಸರದಿ ಸಿಗುವವರೆಗಿನ ದಿನಗಳಲ್ಲಿ ಆ ಮನೆ ಕಂಡ ತೊಳೆತವನ್ನು ಕಟ್ಟಿದವನೂ ಕಂಡಿರಲಿಕ್ಕಿಲ್ಲ. ಕಾರ್ಖಾನೆಯಲ್ಲಿ ಕಲಿತ ಕ್ರಮದಲ್ಲೇ, ಮೇಲಿನಿಂದ ಕೆಳಕ್ಕೆ, ಒಣ ಬಟ್ಟೆ ಮೊದಲು ಒದ್ದೆ ಬಟ್ಟೆ ಆಮೇಲೆ. ಫ್ಯಾನಿನ ರೆಕ್ಕೆಯಿಂದ ಹಿಡಿದು ಬಾಗಿಲ ಸಂದಿನವರೆಗೆ. ತಾರೀಖು ಮೀರಿದ ಪಟ್ಟಿಗಳ ಡಬ್ಬಿಯೊಂದನ್ನು ದುರ್ಬೀನಿನ ಹತ್ತಿರ ಕೇಳಿ ಪಡೆದು ತಂದ. ಕತ್ತಿಗೆ ಗೌನಿನ ಹಾಗೆ ಟವಲು ಕಟ್ಟಿಕೊಂಡು ಟೀವಿ ರಿಮೋಟು ಒರೆಸಿದ, ಚಿಲಕ ಒರೆಸಿದ, ಮಲಗಿದ್ದ ಭಾವನ ಮೀಸೆಯನ್ನೂ ಒರೆಸಿದ. ಭಾವ ಕಣ್ಣು ತೆರೆಯದೆ, "ಏನು ಬಂತು?" ಅಂದ.

"ಸೊನ್ನೆ ಭಾವ."

"ಹಂಗಾದ್ರೆ ಮಲಗ್ತೀನಿ."

ನಿಜವಾದ ಯುದ್ಧ ನಡೆದದ್ದು ಅಮ್ಮನ ಜೊತೆ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಬಳಿ ಕೂತು, ಬೀದಿ ನೋಡುತ್ತ ಒಂದು ಹಿಡಿ ಹುರಿದ ಕಡಲೆಕಾಯಿ ಮೆಲ್ಲುವುದು ಅವಳ ಜೀವಮಾನದ ಒಂದೇ ಚಟ. ಸೊನ್ನೆ ಡಬ್ಬಿ ಸಮೇತ ಅದನ್ನು ಗಡೀಪಾರು ಮಾಡಿದ.

"ಹಲ್ಲಿದ್ದಾಗ ಕಡಲೆ ಇರಲಿಲ್ಲ ಕಣೋ. ಈಗ ಕಡಲೆ ಇದೆ, ನಾಲ್ಕು ಹಲ್ಲೂ ಇದೆ. ನಡುವೆ ನೀನು ಎಲ್ಲಿಂದ ಬಂದೆ?"

"ಮೊಮ್ಮಗಳಿಗೋಸ್ಕರ ಅಮ್ಮ."

"ಅವಳು ಬಂದು ನನ್ನ ಬಾಯಲ್ಲಿ ಕೈ ಹಾಕ್ತಾಳಾ?"

"ಹಾಕ್ತಾಳೆ. ನಿನ್ನೆ ಹಾಕಿದ್ಲು."

ಅಮ್ಮ ಸೋತಳು ಅಂತ ಅವನು ತಿಳಿದ. ನಾಲ್ಕಾರು ದಿನ ಕಳೆದು ಅವಳ ದಿಂಬಿನ ಮೇಲೆ ಹತ್ತಿಕಡ್ಡಿ ಆಡಿಸಿದಾಗ ಪಟ್ಟಿಯಲ್ಲಿ ಎರಡು ಗೆರೆಗಳು ಜೋಡಿ ಎತ್ತಿನ ಹಾಗೆ ಎದ್ದು ನಿಂತವು. ದಿಂಬಿನ ಚೀಲದೊಳಗೆ ಪೊಟ್ಟಣ ಸಿಕ್ಕಿತು. ಅದನ್ನು ಹಿಡಿದು ನಿಂತ ಮಗನನ್ನು ಅಮ್ಮ ಮೇಲಿಂದ ಕೆಳಗೆ ನೋಡಿ ಹೇಳಿದಳು, "ಹಾಗೆ ನೋಡ್ಬೇಡ. ನಿಮ್ಮಪ್ಪ ಸಿಗರೇಟು ಬಚ್ಚಿಟ್ಟಿದ್ದಾಗಲೂ ನಾನು ಹಾಗೆ ನೋಡಿರಲಿಲ್ಲ."

ಇಷ್ಟೆಲ್ಲ ನಗೆಯ ಮಾತಾಯಿತು. ನಗೆಯಲ್ಲದ ಮಾತೂ ಒಂದಿತ್ತು. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕಡಲೆಕಾಯಿ ಮೂಟೆ ಯಾವುದು ಅಂತ ಸೊನ್ನೆಗೆ ಚೆನ್ನಾಗಿ ಗೊತ್ತಿತ್ತು: ಅವನೇ. ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ, ಪ್ಯಾಂಟಿನ ಮಡಿಕೆಯಲ್ಲಿ ದಿನವೂ ಪುಡಿ ಹೊತ್ತು ತರುವವನು. ಹಾಗಾಗಿ ಅವನು ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟ. ಸ್ನಾನ ಮಾಡಿ ಬಂದರೂ ನಂಬಿಕೆಯಿಲ್ಲ. ಇನ್ಸ್‌ಪೆಕ್ಟ್ರಮ್ಮ ಅವನತ್ತ ಎರಡೂ ಕೈ ಚಾಚಿದರೆ ಇವನು ಪೊಲೀಸರಿಗೆ ಶರಣಾದ ಕಳ್ಳನಂತೆ ಕೈಯೆತ್ತಿ ಗೋಡೆಗೆ ಅಂಟಿಕೊಳ್ಳುತ್ತಿದ್ದ. ಮಗು ಮೊದಲು ನಗುತ್ತಿತ್ತು, ಇದೂ ಒಂದು ಆಟ ಅಂದುಕೊಂಡು. ಆಮೇಲೆ ಚಾಚಿದ ಕೈಗಳನ್ನು ತಾನೇ ನೋಡಿಕೊಂಡು ಮೆಲ್ಲಗೆ ಇಳಿಸುತ್ತಿತ್ತು. ಆ ಇಳಿಸುವುದನ್ನು ಅವನಿಗೆ ನೋಡಲಾಗುತ್ತಿರಲಿಲ್ಲ. ಒಂದು ದಿನ ಪಾಳಿ ಬಿಟ್ಟವನು ನೇರ ಮನೆಗೆ ಬರದೆ ಸೋಪಿನ ಕಾರ್ಖಾನೆಯ ಗೇಟಿಗೆ ಹೋಗಿ ಕಾವಲು ಕೆಲಸ ಖಾಲಿ ಇದೆಯೇ ಅಂತ ವಿಚಾರಿಸಿ ಬಂದ. ಸಂಬಳ ಕಡಿಮೆ, ಆದರೆ ಸೋಪಿಗೆ ಯಾವ ಮಗುವೂ ಊದಿಕೊಳ್ಳುವುದಿಲ್ಲ. ಯಾರಿಗೂ ಹೇಳಲಿಲ್ಲ. ಡಾಕ್ಟರಮ್ಮ ಒಂದು ಮಾತು ಹೇಳಿಬಿಡಲಿ, ಮರುದಿನವೇ ಬಿಟ್ಟುಬಿಡುವುದು ಅಂತ ನಿಶ್ಚಯಿಸಿದ.

ಡಾಕ್ಟರಮ್ಮನ ಕೋಣೆಗೆ ಇಡೀ ಸಂಸಾರವೇ ಹೋಯಿತು. ಮಗುವಿಗೆ ಮೂಗು ಸುರಿಯುತ್ತಿತ್ತು, ಅಮ್ಮನಿಗೆ ಬಾಯಿ. ಡಾಕ್ಟರಮ್ಮ ಗಿಡ್ಡಗೆ, ಹರಿತವಾಗಿ, ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದ ಹೆಂಗಸು. ಮಗುವಿನ ಕೆನ್ನೆ, ಮೊಣಕೈ, ಮಂಡಿಯ ಹಿಂಭಾಗ ನೋಡಿದರು. ಮೊಟ್ಟೆಯ ಕಥೆ ಕೇಳಿದರು. ಆಮೇಲೆ, "ಕಡಲೆಕಾಯಿ ಏನಾದ್ರೂ ತಿಂದಿದೆಯಾ ಇದುವರೆಗೆ?" ಅಂದರು.

ಸೊನ್ನೆ ಈ ಪ್ರಶ್ನೆಗೇ ಕಾದಿದ್ದ. "ಧೂಳೂ ಸೋಕಿಲ್ಲ ಡಾಕ್ಟ್ರೇ" ಅಂದವನೇ ಜೇಬಿನಿಂದ ಪಟ್ಟಿಗಳನ್ನು ತೆಗೆದು ಇಸ್ಪೀಟು ಹರಡಿದಂತೆ ಮೇಜಿನ ಮೇಲೆ ಹರಡಿದ. "ಇದು ನಲ್ಲಿ, ಇದು ಚಿಲಕ, ಇದು ರಿಮೋಟು, ಇದು ಅಮ್ಮನ ದಿಂಬು. ದಿಂಬು ಮಾತ್ರ ಎರಡನೇ ಸಲಕ್ಕೆ ಪಾಸಾಯ್ತು."

ಡಾಕ್ಟರಮ್ಮ ಪಟ್ಟಿಗಳನ್ನು ನೋಡಿದರು. ಅವನನ್ನು ನೋಡಿದರು. "ಇವರು ಯಾರು?"

"ನನ್ನ ತಮ್ಮ" ಅಂದಳು ಅಕ್ಕ, ಬೇರೆ ದಾರಿಯಿಲ್ಲದವಳ ದನಿಯಲ್ಲಿ.

"ಚೆನ್ನಾಗಿ ತೊಳೆದಿದೀರಪ್ಪ. ನಮ್ಮ ವಾರ್ಡಿಗೂ ಇಂಥವರು ಬೇಕು. ಆದ್ರೆ ಈ ಮಗೂಗೆ ಬೇಕಾಗಿರೋದು ಸೊನ್ನೆ ಅಲ್ಲ."

ಸೊನ್ನೆಯ ಬಾಯಿ ಸೊನ್ನೆಯಾಯಿತು.

ಡಾಕ್ಟರಮ್ಮ ಅಮ್ಮನ ಕಡೆ ತಿರುಗಿದರು. "ಅಮ್ಮಾ, ನಿಮ್ಮ ಮನೆಗೆ ನೆಂಟರು ಬಾಗಿಲಿಂದ ಬಂದ್ರೆ ಏನು ಮಾಡ್ತೀರಿ?"

"ಕೂರಿಸಿ ಕಾಫಿ ಕೊಡ್ತೀನಿ."

"ಅದೇ ನೆಂಟ ಹಿತ್ತಿಲ ಗೋಡೆ ಸಂದಿಂದ ನುಸುಳಿ ಬಂದ್ರೆ?"

"ಪೊರಕೆ ತಗೋತೀನಿ. ನೆಂಟ ಅಂತ ಹಣೇಲಿ ಬರೆದಿರುತ್ತಾ?"

"ಮಗೂ ಮೈಯೂ ನಿಮ್ಮ ಹಾಗೇನೇ. ಬಾಯಿ ಅನ್ನೋದು ಬಾಗಿಲು. ಕಡಲೆಕಾಯಿ ಬಾಯಿಂದ ಹೊಟ್ಟೆಗೆ ಹೋದ್ರೆ ಮೈ ಅದನ್ನ ಊಟ ಅಂತ ಗುರುತು ಹಿಡಿಯುತ್ತೆ. ಈ ಒಡೆದ ಚರ್ಮ ಇದೆಯಲ್ಲ, ಇದು ಗೋಡೆ ಬಿರುಕು. ಧೂಳು ಇಲ್ಲಿಂದ ನುಗ್ಗಿದ್ರೆ ಕಳ್ಳ ಅಂತ ತಿಳಕೊಳ್ಳುತ್ತೆ. ಆಮೇಲೆ ಅದೇ ಕಡಲೆಕಾಯಿ ಬಾಗಿಲಿಂದ ಬಂದ್ರೂ ಪೊರಕೆ ಸೇವೆ. ಎಷ್ಟು ತೊಳೆದ್ರೂ ಮನುಷ್ಯರಿರೋ ಮನೇಲಿ ಧೂಳು ಸೊನ್ನೆ ಆಗಲ್ಲ. ಬಿರುಕು ತೆರೆದಿಟ್ಟು ಬಾಗಿಲು ಹಾಕ್ಕೊಂಡ್ರೆ ಏನಾಗುತ್ತೆ ಹೇಳಿ."

ಕೋಣೆಯ ಮೂಲೆಯಲ್ಲಿ ನಿಂತಿದ್ದ ಭಾವ ಗಂಟಲು ಸರಿಮಾಡಿಕೊಂಡ. "ಹಂಗಾದ್ರೆ ಮೊದಲು ಗಿಲಾವು" ಅಂದ.

"ಗಿಲಾವೇ. ದಿನಾ ಮುಲಾಮು, ಮೈತುಂಬ, ಧಾರಾಳವಾಗಿ. ಕೆಂಪಾದ ಕಡೆ ನಾನು ಕೊಡೋ ಔಷಧಿ. ಹಚ್ಚೋ ಮುಂಚೆ ಕೈ ಸೋಪು ಹಾಕಿ ತೊಳೀಬೇಕು, ಡಬ್ಬಿಗೆ ಬೆರಳು ಹಾಕದೆ ಚಮಚದಲ್ಲಿ ತೆಗೀಬೇಕು. ಜೊತೆಗೇ ಬಾಗಿಲು ತೆಗೆಯೋದು. ಹಿಂದೆಲ್ಲ ನಾವೇ ಹೇಳ್ತಿದ್ವಿ, ಮಕ್ಕಳು ದೊಡ್ಡವರಾಗೋ ತನಕ ಕಡಲೆಕಾಯಿ ಕೊಡಬೇಡಿ ಅಂತ. ಅದು ತಪ್ಪು ಅಂತ ಆಮೇಲೆ ಗೊತ್ತಾಯ್ತು. ಇಂಥ ಮಕ್ಕಳಿಗೆ ಬೇಗ ಕೊಟ್ಟಷ್ಟೂ ಒಳ್ಳೇದು. ಆದ್ರೆ ಮೊಟ್ಟೆಗೆ ಹೀಗಾಗಿದೆ, ಅದಕ್ಕೆ ಸುಮ್ಮನೆ ಕೊಡೋ ಹಾಗಿಲ್ಲ. ಮೊದಲು ನೋಡೋಣ."

ನೋಡುವುದೆಂದರೆ ಮಗುವಿನ ಬೆನ್ನ ಮೇಲೆ ಪುಟ್ಟ ಪುಟ್ಟ ಹನಿಗಳನ್ನಿಟ್ಟು, ಪ್ರತಿ ಹನಿಯ ಮೂಲಕ ಚರ್ಮವನ್ನು ಒಂಚೂರು ಚುಚ್ಚಿ ಕಾಯುವುದು. ಕಾಯುವ ಹೊತ್ತಿನಲ್ಲಿ ಸೊನ್ನೆಗೆ ಒಂದೇ ಯೋಚನೆ ಕೊರೆಯುತ್ತಿತ್ತು: ಇಷ್ಟು ತಿಂಗಳು ಚಪ್ಪಲಿಯನ್ನೂ ಬಿಡದೆ ಓಡಿ ಬಂದು, ಆ ಒಡೆದ ಕೆನ್ನೆಯನ್ನು ಪುಡಿಯ ಅಂಗಿಗೆ ಒತ್ತಿಕೊಂಡವನು ಯಾರು? ಗೋಡೆಯ ಬಿರುಕಿಗೆ ಕಳ್ಳನನ್ನು ದಿನವೂ ಹೊತ್ತು ತಂದವನು ಯಾರು? ಅವನ ಮುಖ ನೋಡಿ ಡಾಕ್ಟರಮ್ಮ, "ನಿಮ್ಮಿಂದ ಆಯ್ತು ಅಂತ ಯಾರೂ ಹೇಳಕ್ಕಾಗಲ್ಲ. ಚರ್ಮ ಹುಟ್ಟಿನಿಂದ ಹಾಗಿದೆ. ಮುಂದೆ ಏನು ಮಾಡ್ತೀವಿ ಅನ್ನೋದಷ್ಟೇ ನಮ್ಮ ಕೈಲಿರೋದು" ಅಂದರು.

ಮೊಟ್ಟೆಯ ಹನಿ ಇದ್ದ ಕಡೆ ಗುಳ್ಳೆ ದಪ್ಪಗೆ ಎದ್ದಿತ್ತು. ಕಡಲೆಕಾಯಿಯದು ಇದೆಯೋ ಇಲ್ಲವೋ ಅನ್ನುವಷ್ಟು. ಡಾಕ್ಟರಮ್ಮ ಅಳತೆಪಟ್ಟಿ ಹಿಡಿದು ಬಗ್ಗಿ ನೋಡಿದರು. ಸೊನ್ನೆಯೂ ಬಗ್ಗಿದ, ತಲೆಗೆ ತಲೆ ಡಿಕ್ಕಿ ಹೊಡೆಯಿತು.

"ಬಾಗಿಲು ಇನ್ನೂ ಮುಚ್ಚಿಲ್ಲ" ಅಂದರು ಡಾಕ್ಟರಮ್ಮ, ಹಣೆ ಉಜ್ಜಿಕೊಳ್ಳುತ್ತ. "ನೆಗಡಿ ಹೋಗಲಿ. ಮುಂದಿನ ವಾರ ಬನ್ನಿ, ಇಲ್ಲೇ, ನಮ್ಮೆದುರಿಗೇ ತಿನ್ನಿಸೋಣ. ಏನಾದ್ರೂ ಆದ್ರೆ ಔಷಧಿ, ಇಂಜೆಕ್ಷನ್ನು ಎಲ್ಲ ಇಲ್ಲೇ ಇರುತ್ತೆ. ಮನೇಲಿ ಮೊದಲನೇ ಸಲ ಪ್ರಯತ್ನ ಮಾಡ್ಬೇಡಿ. ಕಡಲೆಕಾಯಿ ಬೆಣ್ಣೆ ಥರ ನುಣ್ಣಗೆ ಅರೆದು ತನ್ನಿ, ಒಂದು ತರಿಯೂ ಇರಬಾರದು. ಮೊಟ್ಟೆ ಸೋಕಿರಬಾರದು."

ಕೊನೆಯ ಮಾತಿಗೆ ಸೊನ್ನೆಯ ಬೆನ್ನು ನೆಟ್ಟಗಾಯಿತು. ಜಗತ್ತಿನಲ್ಲಿ ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಅದಕ್ಕೆ ಮತ್ತೆ ಕೆಲಸ ಸಿಕ್ಕಿತ್ತು.

ಮರುದಿನ ಅವನು ದುರ್ಬೀನಿನ ಮುಂದೆ ನಿಂತ. "ಸಾರ್, ಮೊಟ್ಟೆ ಪರೀಕ್ಷೆ ಪಟ್ಟಿ ಒಂದೆರಡು ಬೇಕು. ತಾರೀಖು ಮೀರದೇ ಇರೋದು."

"ಮನೇನ ಇನ್ನೂ ತೊಳೆದು ಮುಗಿಸಿಲ್ವೇನೋ?"

"ಮಿಕ್ಸಿ ಜಾರು ಸಾರ್. ಮಗೂಗೆ ಕಡಲೆಕಾಯಿ ಅರೀಬೇಕು. ಕಡಲೆಕಾಯಿ ಶುದ್ಧವಾಗಿರಬೇಕು."

ದುರ್ಬೀನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಇಷ್ಟು ವರ್ಷದಲ್ಲಿ ನೀನು ಕಡಲೆಕಾಯಿ ಪರ ಮಾತಾಡಿದ್ದು ಇದೇ ಮೊದಲು. ತಗೋ." ಹೊಸ ಡಬ್ಬಿಯನ್ನೇ ಒಡೆದು ಕೊಟ್ಟ.

ಇನ್ನು ಕಡಲೆಕಾಯಿ. ಅಂಗಡಿಗೆ ಹೊರಟವನನ್ನು ಅಮ್ಮ ತಡೆದಳು. ಭಾವನ ಕರಣೆ, ಮಟ್ಟಗೋಲು ತುಂಬಿದ ಚೀಲಕ್ಕೆ ಕೈ ಹಾಕಿ, ತಳದಿಂದ ಒಂದು ಪೊಟ್ಟಣ ಎಳೆದಳು. ಬಾಯಿ ಕಟ್ಟಿದ್ದ ದಾರವನ್ನೂ ಬಿಚ್ಚಿರಲಿಲ್ಲ. ಸೊನ್ನೆ ಭಾವನ ಕಡೆ ತಿರುಗಿದ.

"ಅತ್ತೆ ಇಡು ಅಂದ್ರು, ಇಟ್ಟೆ" ಅಂದ ಭಾವ. "ನೀನು ಮೀಸೆ ಒರೆಸಿದೆ. ಚೀಲ ಒರೆಸಲಿಲ್ಲ."

ಜಾರಿನ ಬ್ಲೇಡು ಬಿಚ್ಚಿ, ರಬ್ಬರ್ ಬಳೆ ಬಿಚ್ಚಿ, ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗೊಂದಿ ತಿಕ್ಕಿ ಮೊಟ್ಟೆಗೆ ಪರೀಕ್ಷೆ ಮಾಡಿದರೆ ಒಂದೇ ಗೆರೆ. ಹುರಿದ ಕಡಲೆಕಾಯಿಯ ಸಿಪ್ಪೆ ಊದಿ ತೆಗೆದು ಅಮ್ಮನೇ ಅರೆದಳು. ಇವನು ಎರಡು ಬೆರಳ ನಡುವೆ ಹಿಟ್ಟು ಉಜ್ಜಿ ನೋಡಿ "ಇನ್ನೂ ತರಿ ಇದೆ" ಅನ್ನುತ್ತ ಅರೆಸಿದ, ಮತ್ತೆ ಅರೆಸಿದ. ಕೊನೆಗೆ ಮಿಕ್ಸಿ ಬಿಸಿಯಾಗಿ ತಾನೇ ನಿಂತುಬಿಟ್ಟಿತು. "ಮದುವೆಗೆ ಹೆಣ್ಣು ನೋಡೋವಾಗಲೂ ಹೀಗೇ ಮಾಡಿದ್ರೆ ಈ ಬೆಂಚಿಂದ ಏಳೋ ಹಾಗಿಲ್ಲ ನೀನು" ಅಂದಳು ಅಮ್ಮ.

ಆ ದಿನ ಬಂತು. ಆಸ್ಪತ್ರೆಯ ಪುಟ್ಟ ಕೋಣೆ. ಗೋಡೆಯಲ್ಲಿ ಆನೆಯ ಚಿತ್ರ, ಅದರ ಸೊಂಡಿಲು ಅರ್ಧ ಕಿತ್ತುಹೋಗಿತ್ತು. ನರ್ಸು ಮಗುವಿನ ಮೈಯನ್ನೆಲ್ಲ ಮೊದಲೇ ನೋಡಿ ಗುರುತು ಹಾಕಿಕೊಂಡಳು. ಅಕ್ಕ ಬಾಳೆಹಣ್ಣು ಹಿಸುಕಿ, ಬಿಸಿನೀರಲ್ಲಿ ತೆಳ್ಳಗೆ ಕದಡಿದ ಕಡಲೆಕಾಯಿ ಹಿಟ್ಟನ್ನು ಬೆರೆಸಿ, ಚಮಚದ ತುದಿಯಷ್ಟನ್ನು ಮಗುವಿನ ಬಾಯಿಗೆ ಒಯ್ದಳು. ಅವಳ ಕೈ ನಡುಗುತ್ತಿತ್ತು. ಇನ್ಸ್‌ಪೆಕ್ಟ್ರಮ್ಮ ಚಮಚವನ್ನು ನೋಡಿದಳು, ನಡುಗುವ ಕೈಯನ್ನು ನೋಡಿದಳು, ತುಟಿ ಬಿಗಿದಳು. ಅಪ್ಪ ಪ್ರಯತ್ನಿಸಿದ, ತುಟಿ ಇನ್ನೂ ಬಿಗಿಯಿತು. ಅಜ್ಜಿ ತಾನೇ ಆ ಅಂದು ತೋರಿಸಿದಳು. ಅಜ್ಜಿಯ ನಾಲ್ಕು ಹಲ್ಲುಗಳ ತಪಾಸಣೆ ನಡೆಯಿತೇ ಹೊರತು ಬಾಯಿ ತೆರೆಯಲಿಲ್ಲ.

"ಮಗೂಗೆ ಯಾರ ಹತ್ತಿರ ಸಲಿಗೆ?" ಅಂದರು ಡಾಕ್ಟರಮ್ಮ.

ಎಲ್ಲರೂ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದವನ ಕಡೆ ನೋಡಿದರು.

ಸೊನ್ನೆ ಸಿಂಕಿನತ್ತ ಹೋದ. ಬೆರಳ ಸಂದಿ, ಉಗುರು, ಮಣಿಕಟ್ಟು, ಮತ್ತೆ ಬೆರಳ ಸಂದಿ. "ಸಾಕು ಬಿಡಿ, ಚರ್ಮ ಬರುತ್ತೆ" ಅಂದಳು ನರ್ಸು. ಅವನು ಬಂದು ಮಗುವಿನ ಮುಂದೆ ಮಂಡಿಯೂರಿ ಚಮಚ ಹಿಡಿದ. ಕಾರ್ಖಾನೆಯಲ್ಲಿ ಹತ್ತಿಕಡ್ಡಿ ಹಿಡಿಯುವ ಕೈ ಅದು, ನಡುಗುವುದು ಕಲಿತಿರಲಿಲ್ಲ. ಅವನ ಎದೆ ಮಾತ್ರ ಅಚ್ಚು ಹಾಕುವ ಯಂತ್ರದ ಹಾಗೆ ದಡಬಡಿಸುತ್ತಿತ್ತು. ಜೀವಮಾನವೆಲ್ಲ ಯಾವುದನ್ನು ಯಾರ ಬಾಯಿಗೂ ಹೋಗದಂತೆ ತಡೆಯುವುದೇ ಅವನ ಕೆಲಸವಾಗಿತ್ತೋ, ಅದನ್ನೇ ಈಗ ತನ್ನ ಕೈಯಾರೆ, ತಾನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವ ಬಾಯಿಗೆ ಇಡಬೇಕಿತ್ತು.

ಮಗು ಅವನನ್ನು ಬಹಳ ಹೊತ್ತು ನೋಡಿತು. ಇಷ್ಟು ದಿನ ಎಲ್ಲಿದ್ದೆ ಅನ್ನುವ ಹಾಗೆ. ಆಮೇಲೆ ಹಕ್ಕಿಮರಿಯಂತೆ ಬಾಯಿ ಕಳೆಯಿತು.

ತುತ್ತು ಒಳಗೆ ಹೋಯಿತು. ಮಗು ಚಪ್ಪರಿಸಿತು, ಹುಬ್ಬೇರಿಸಿತು, ಮತ್ತೆ ಚಪ್ಪರಿಸಿತು. ಅದಕ್ಕೆ ಈ ರುಚಿ ಹೊಸದಾದರೂ ವಾಸನೆ ಹಳೆಯದು. ಮಾವನ ಅಂಗಿಯನ್ನು ಕೊನೆಗೂ ತಿನ್ನಲು ಕೊಟ್ಟಂತೆ ಅದರ ಮುಖ ಅರಳಿತು. ಇನ್ನೂ ಬೇಕೆಂದು ಕಾಲು ಬಡಿಯಿತು.

"ಇರಿ, ಕಾಯೋಣ" ಅಂದರು ಡಾಕ್ಟರಮ್ಮ.

ಕಾದರು. ಗೋಡೆಯ ಆನೆಯೂ ಕಾದಿತು. ಆಗ ಗದ್ದದ ಮೇಲೆ ಕೆಂಪು ಕಾಣಿಸಿತು. ಮೊದಲು ಕಂಡದ್ದು ಅಕ್ಕನಿಗೆ. ಅವಳು ತಮ್ಮನ ತೋಳು ಹಿಡಿದಳು, ಉಗುರು ನೆಟ್ಟಿತು. ಸೊನ್ನೆಗೆ ಗೆರೆ ಎರಡಾಗುವುದು ಕಣ್ಣ ಮುಂದೆ ಬಂತು. ಡಾಕ್ಟರಮ್ಮ ಒದ್ದೆ ಬಟ್ಟೆಯಿಂದ ಗದ್ದ ಒರೆಸಿ, ಮಗುವಿನ ಎದೆಗೆ ಸ್ಟೆತಸ್ಕೋಪು ಇಟ್ಟು, ಅಂಗಿ ಎತ್ತಿ ಹೊಟ್ಟೆ ಬೆನ್ನು ನೋಡಿದರು. "ಉಸಿರು ಚೆನ್ನಾಗಿದೆ. ಬೇರೆಲ್ಲೂ ಏನಿಲ್ಲ. ಜೊಲ್ಲು ಹತ್ತಿ ಉರಿದಿರಬೇಕು. ನೋಡೋಣ."

ಎಲ್ಲರೂ ಆ ಗದ್ದದ ಮೇಲೇ ಕಣ್ಣಿಟ್ಟರು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು, ಅದೊಂದು ದಾಖಲೆ. ಕೆಂಪು ನಿಧಾನವಾಗಿ ತಿಳಿಯಾಯಿತು, ಗುಲಾಬಿಯಾಯಿತು, ಕೊನೆಗೆ ಎಲ್ಲಿತ್ತು ಅಂತ ಹುಡುಕುವಂತಾಯಿತು. ಡಾಕ್ಟರಮ್ಮ ತಲೆಯಾಡಿಸಿದರು, ಇನ್ನೊಂದು ಚಮಚ. ಮತ್ತೆ ಕಾಯುವುದು. ಮತ್ತೆ ಚಮಚ. ಬಟ್ಟಲು ಖಾಲಿಯಾದಾಗ ಇನ್ಸ್‌ಪೆಕ್ಟ್ರಮ್ಮ ಬಟ್ಟಲನ್ನೇ ಕಸಿದು, ತಳ ನೋಡಿ, ಇಲಾಖೆಗೆ ಮೋಸವಾಗಿದೆ ಅನ್ನುವಂತೆ ಕಿರುಚಿದಳು. ಅದಾದ ಮೇಲೂ ಬಹಳ ಹೊತ್ತು ಕೂರಿಸಿಕೊಂಡರು. ದದ್ದಿಲ್ಲ, ವಾಂತಿಯಿಲ್ಲ, ಇದ್ದದ್ದು ಒಂದು ತೇಗು.

ತೇಗಿದ ಮಗು ಎರಡೂ ಅಂಟು ಕೈಗಳನ್ನು ಮಾವನತ್ತ ಚಾಚಿತು. ಅವನ ಕೈಗಳು ಅಭ್ಯಾಸಬಲದಿಂದ ಮೇಲೆ ಹೋದವು, ಶರಣಾಗತನಂತೆ. ಭಾವ ಹಿಂದಿನಿಂದ ಒಂದು ಗುದ್ದು ಕೊಟ್ಟ. ಕೈಗಳು ಇಳಿದವು, ಎತ್ತಿಕೊಂಡವು. ಮಗು ಅವನ ಒಗೆದ ಅಂಗಿಯ ಮೇಲೆ ಕಡಲೆಕಾಯಿ ಹಿಟ್ಟನ್ನು ಚೆನ್ನಾಗಿ ಬಳಿದು, ಮೂಗು ಒತ್ತಿ, ಆ ನಿಟ್ಟುಸಿರು ಬಿಟ್ಟಿತು.

"ಈಗ ನಿಲ್ಲಿಸಬಾರದು" ಅಂದರು ಡಾಕ್ಟರಮ್ಮ, ಕಿವಿಯ ಮೇಲಿನ ಪೆನ್ನು ಕೊನೆಗೂ ಸಿಕ್ಕ ಖುಷಿಯಲ್ಲಿ. "ವಾರಕ್ಕೆ ಮೂರು ಸಲವಾದ್ರೂ ಹೀಗೇ ತೆಳ್ಳಗೆ ಮಾಡಿ ಕೊಡ್ತಾನೇ ಇರಬೇಕು. ಬಿಟ್ಟುಬಿಟ್ರೆ ಮೈ ಗುರುತು ಮರೆಯುತ್ತೆ. ಇಡೀ ಕಾಳು ಮಾತ್ರ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಮುಂದೆ ಯಾವ ಊಟಕ್ಕಾದ್ರೂ ಸರಿ, ಉಸಿರಾಟ ಕಷ್ಟ ಆದ್ರೆ, ದನಿ ಒಡೆದ್ರೆ, ಮತ್ತೆ ಮತ್ತೆ ವಾಂತಿ ಆದ್ರೆ, ಮಗು ಸುಸ್ತಾಗಿ ಜೋತುಬಿದ್ರೆ, ಸಿರಪ್ಪು ಕುಡಿಸಿ ಕಾಯ್ತಾ ಕೂರ್ಬೇಡಿ; ತಕ್ಷಣ ಆಂಬುಲೆನ್ಸು. ಮೊಟ್ಟೆ ಸದ್ಯಕ್ಕೆ ದೂರ. ಬೆಳೀತಾ ಬೆಳೀತಾ ಬಹಳ ಮಕ್ಕಳಿಗೆ ಅದು ತಾನಾಗೇ ಒಗ್ಗುತ್ತೆ. ಯಾವಾಗ ಅಂತ ನಾನು ಹೇಳ್ತೀನಿ."

"ನಾನು ಕೆಲಸ ಬಿಡ್ಬೇಕಾ ಡಾಕ್ಟ್ರೇ?" ಸೊನ್ನೆ ಮಗುವಿನ ತಲೆಯ ಮೇಲಿಂದ ಕೇಳಿದ. "ಕಡಲೆಕಾಯಿ ಬಿಸ್ಕತ್ತು ಕಾರ್ಖಾನೆ."

ಮನೆಯವರೆಲ್ಲ ಅವನನ್ನು ತಿರುಗಿ ನೋಡಿದರು. ಸೋಪಿನ ಕಾರ್ಖಾನೆಯ ವಿಷಯ ಆಗ ಹೊರಬಿತ್ತು.

"ಯಾಕೆ ಬಿಡ್ತೀರಿ? ಮನೆಗೆ ಬಂದು ಕೈ ತೊಳೀರಿ, ಅಂಗಿ ಬದಲಾಯಿಸಿ, ಎತ್ತಿಕೊಳ್ಳಿ. ಹೊರಗಡೆ ಈ ಬಾಗಿಲು ಮುಚ್ಚಿಹೋಗಿರೋ ಮಕ್ಕಳು ಇನ್ನೂ ಇದಾರಲ್ಲ. ಅವರಿಗೆ ನಿಮ್ಮ ಸೊನ್ನೆ ಬೇಕು."

ದಾರಿಯುದ್ದಕ್ಕೂ ಅಮ್ಮ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಹೇಳುತ್ತ ಬಂದಳು: "ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ. ನನ್ನ ಮೊಮ್ಮಗಳಿಗೆ ನೋಡಿ, ಹಲ್ಲು ಬರೋ ಮುಂಚೆನೇ ಕಡಲೆ ಬಂತು." ಅಂದು ಮಧ್ಯಾಹ್ನ ಅವಳು ಕಿಟಕಿಯ ಬಳಿ ಬಹಿರಂಗವಾಗಿ ಕೂತಳು.

ಈಗ ಆ ಮನೆಯಲ್ಲಿ ಬೆಳಿಗ್ಗೆ ಭಾವನ ಗಿಲಾವು. ಮಗುವನ್ನು ಮಲಗಿಸಿ, ಚಮಚದಲ್ಲಿ ಮುಲಾಮು ತೆಗೆದು, ಅಂಗೈಯನ್ನು ಕರಣೆಯಂತೆ ಅಗಲ ಮಾಡಿ, ಒಂದೇ ದಿಕ್ಕಿನಲ್ಲಿ ಎಳೆಯುತ್ತಾನೆ. ಮೂಲೆಗಳಿಗೆ, ಅಂದರೆ ಮೊಣಕೈ ಮಂಡಿಗಳಿಗೆ, ಎರಡನೇ ಕೈ. ಕೆನ್ನೆ ಒರಟು ಬಿಟ್ಟು ಕೆನ್ನೆಯಂತಾಗಿದೆ. ಸಂಜೆ ಸೊನ್ನೆ ಬರುತ್ತಾನೆ, ಬಾಗಿಲಲ್ಲೇ ಅಂಗಿ ಕಳಚುತ್ತಾನೆ, ಸಿಂಕಿನ ಮುಂದೆ ನಿಲ್ಲುತ್ತಾನೆ. ಇನ್ಸ್‌ಪೆಕ್ಟ್ರಮ್ಮ ನೆಲದ ಮೇಲೆ ಕೂತು ಆ ತೊಳೆತದ ಮೇಲ್ವಿಚಾರಣೆ ಮಾಡುತ್ತಾಳೆ. ಆಮೇಲೆ ಎತ್ತಿಕೊಳ್ಳುವುದು, ಆಮೇಲೆ ಬಟ್ಟಲು. ಸೋಪಿನ ಕಾರ್ಖಾನೆಯಿಂದ ಒಮ್ಮೆ ಕರೆ ಬಂದಿತ್ತು. "ಬೇಡ ಸಾರ್, ನಮ್ಮನೇಲಿ ಸೋಪು ಈಗಾಗಲೇ ಜಾಸ್ತಿ ಖರ್ಚಾಗ್ತಿದೆ" ಅಂದ.

ಒಂದು ರಜೆಯ ದಿನ ಬಟ್ಟಲು ಮುಗಿದ ಮೇಲೆ ಅವನಿಗೆ ಏನು ಅನ್ನಿಸಿತೋ, ಬೆಂಚಿನ ಕೆಳಗಿನ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಪಟ್ಟಿಯನ್ನು ಹೊರತೆಗೆದ. ಮಗುವಿನ ಬಾಯಿಯ ಮೂಲೆಗೆ ಹತ್ತಿಕಡ್ಡಿಯನ್ನು ಮೆಲ್ಲಗೆ ಆಡಿಸಿ, ಸೀಸೆಯ ನೀರಲ್ಲಿ ಅಲ್ಲಾಡಿಸಿ, ಹನಿ ಬಿಟ್ಟು ಕಾದ. ಒಂದು ಗೆರೆ ಮೂಡಿತು. ಅದರ ಪಕ್ಕದಲ್ಲೇ, ತಾರೀಖು ಮೀರಿದ ಪಟ್ಟಿಯಲ್ಲಿ ಇಷ್ಟು ಕಡುಬಣ್ಣ ಇನ್ನೂ ಉಳಿದಿತ್ತೇ ಅನ್ನುವಂತೆ, ಇನ್ನೊಂದು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನೋ ಅದು, ಎರಡು ಗೆರೆ? ಇನ್ನೊಂದ್ಸಲ ತೊಳೀಬೇಕಾ?"

ಸೊನ್ನೆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಮಗು ಅದನ್ನು ಕಸಿಯಲು ಅವನ ತೊಡೆಯೇರಿತು.

"ಬೇಡ ಕಣೇ" ಅಂದ. "ಪಾಸು."